ಕರಡಿಗೆ ಕಡ ಕೊಟ್ಟ ಮುಖ

ಪ್ಲವ ಸಂವತ್ಸರದಲ್ಲಿ, ಇಂಗ್ಲಿಷ್ ಲೆಕ್ಕದ ಸಾವಿರದ ಒಂಬೈನೂರ ಒಂದನೆಯ ಇಸವಿಯಲ್ಲಿ, ನಾನು ಓದು ನಿಲ್ಲಿಸಿದೆ. ನಿಲ್ಲಿಸಿದೆ ಎಂದೇ ಬರೆಯುತ್ತೇನೆ. ಓದೇ ಇವನನ್ನು ಬಿಟ್ಟಿತು ಎಂದು ನಮ್ಮೂರಿನಲ್ಲಿ ಹೇಳುವವರಿದ್ದಾರೆ. ಅವರು ಬೇಕಾದರೆ ತಮ್ಮದೇ ಪ್ರಬಂಧ ಬರೆದುಕೊಳ್ಳಲಿ. ಅಪ್ಪನ ಸೊಂಟ ಬಿದ್ದುಹೋಗಿತ್ತು. ಕೊಟ್ಟಿಗೆಯಲ್ಲಿ ಜೋಡಿ ಎತ್ತು ಸುಮ್ಮನೆ ನಿಂತು ಮೇವು ತಿನ್ನುತ್ತಿದ್ದವು. ಮಾರಿಕಣಿವೆಯಲ್ಲಿ ಅಣೆಕಟ್ಟೆಯ ಕೆಲಸ ನಡೆದಿತ್ತು. ಸುಣ್ಣದ ಗೂಡುಗಳಿಗೆ ಎಷ್ಟು ಸೌದೆ ಹಾಕಿದರೂ ಸಾಲದು. ಎತ್ತುಗಳಿಗೆ ಬೇಕಾದದ್ದು ಹೊಡೆಯುವವನು, ವ್ಯಾಕರಣ ಬಲ್ಲವನಲ್ಲ. ನಾನು ಹೋಗಿ ನೊಗ ಎತ್ತಿದೆ.

ಶಾಲೆಯಲ್ಲಿ ನಾನು ಬರೆದ ಕೊನೆಯ ನಿಬಂಧ ಕರಡಿಯನ್ನು ಕುರಿತದ್ದು. "ಕರಡಿಯು ಒಂದು ಕಾಡುಪ್ರಾಣಿ. ಅದರ ಮೈಮೇಲೆ ಕಪ್ಪು ಕೂದಲಿರುತ್ತದೆ. ಅದಕ್ಕೆ ಜೇನೆಂದರೆ ಇಷ್ಟ." ಇಷ್ಟು ಬರೆದು ಹಲಗೆ ಕೆಳಗಿಟ್ಟೆ. ಮೇಷ್ಟರು ಓದಿ, "ಸಾಲದಯ್ಯ, ಇನ್ನೂ ಬರಿ" ಎಂದರು. ನನಗೆ ಇನ್ನೇನೂ ಗೊತ್ತಿರಲಿಲ್ಲ. ಈಗ ಗೊತ್ತಿದೆ. ಮೇಷ್ಟರು ಇಲ್ಲ. ಆದ್ದರಿಂದ ಉಳಿದದ್ದನ್ನು ನಿಮಗೆ ಒಪ್ಪಿಸುತ್ತಿದ್ದೇನೆ.

ಮೊದಲು ಒಂದು ಮಾತು. ಕಥೆ ಹೇಳುವವರನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ. ಜಗುಲಿಯ ಮೇಲೆ ಕೂತು ಇಲ್ಲದ್ದನ್ನು ಇದೆ ಎನ್ನುವವನ ಹೊಲ ನೋಡಿ, ಕಳೆ ಮೊಣಕಾಲೆತ್ತರ ಬೆಳೆದಿರುತ್ತದೆ. ದುಡಿಯುವವನಿಗೆ ಸುಳ್ಳು ಕಟ್ಟಲು ಪುರುಸೊತ್ತು ಎಲ್ಲಿಂದ ಬರಬೇಕು? ಹೀಗೆಂದು ನಂಬಿಕೊಂಡಿದ್ದ ನಾನೇ ಒಂದು ಸುಳ್ಳಿನ ಕಂಬ ಹಿಡಿದು ನಿಲ್ಲಬೇಕಾಯಿತು. ನಿಲ್ಲಿಸಿದ್ದು ಕರಡಿ.

ಕಾಡಿನಲ್ಲಿ ಕಥೆ ಹುಟ್ಟಿಸುವ ಪ್ರಾಣಿ ಯಾವುದು ಎಂದು ಗಾಡಿ ಹೊಡೆಯುತ್ತಾ ಬಹಳ ಸಲ ಯೋಚಿಸಿದ್ದೇನೆ. ಹುಲಿ ಅಲ್ಲ. ಹುಲಿ ಹಿಡಿದರೆ ಮನುಷ್ಯ ಹೋದ, ಹೇಳುವವನೇ ಇಲ್ಲ. ಹಾವು ಕಚ್ಚಿದರೆ ಹೇಳಲು ಹೊತ್ತೇ ಸಿಗುವುದಿಲ್ಲ. ಕರಡಿ ಹಾಗಲ್ಲ. ಅದಕ್ಕೆ ನಿಮ್ಮ ಮಾಂಸ ಬೇಡ. ಅದಕ್ಕೆ ಬೇಕಾದದ್ದು ಗೆದ್ದಲು, ಜೇನು, ಈಚಲ ಹಣ್ಣು, ಕಕ್ಕೆಕಾಯಿ. ಹೆದರಿತೆಂದು ಎದ್ದು ನಿಲ್ಲುತ್ತದೆ, ಹೆದರಿತೆಂದೇ ಮುಖಕ್ಕೆ ಕೈ ಹಾಕುತ್ತದೆ, ಆಮೇಲೆ ಬಿಟ್ಟು ಹೋಗುತ್ತದೆ. ಮನುಷ್ಯ ಉಳಿಯುತ್ತಾನೆ, ಅರ್ಧ ಮುಖದೊಂದಿಗೆ. ಅವನನ್ನು ಕಂಡವರೆಲ್ಲ ಏನಾಯಿತು ಎಂದು ಕೇಳುತ್ತಾರೆ. ಕಥೆ ಶುರುವಾಗುವುದು ಅಲ್ಲಿ.

ಸತ್ತಂತೆ ಬಿದ್ದುಕೊಂಡರೆ ಕರಡಿ ಮುಟ್ಟುವುದಿಲ್ಲ ಎಂದು ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ನಮ್ಮ ಭಾವ ತಿಪ್ಪಣ್ಣ ಶಾಲೆಗೆ ಹೋದವನಲ್ಲ. ಕರಡಿಯೂ ಹೋಗಿರಲಿಲ್ಲ.

ಭಾವ ಎಂದರೆ ನನ್ನ ಅಕ್ಕ ಗಂಗಮ್ಮನ ಗಂಡ. ಹೊಸದುರ್ಗದಿಂದ ಮಾರಿಕಣಿವೆಯ ಕಡೆ ಹೋಗುವ ಗುಡ್ಡಗಳ ಸಾಲಿನಲ್ಲಿ ಅವನೂ ನಾನೂ ಜೊತೆಗೂಡಿ ಸೌದೆ ಕಡಿಯುತ್ತಿದ್ದೆವು. ಊರಿಗೆಲ್ಲ ಅವನು ಚೆಲುವ. ಅವನಿಗೂ ಅದು ಗೊತ್ತಿತ್ತು. ಕೆರೆಯ ನೀರು ಕುಡಿಯಲು ಬಗ್ಗಿದರೆ ಏಳಲು ಹೊತ್ತಾಗುತ್ತಿತ್ತು. ಅವನ ಮಗಳು ನಾಗಿಗೆ ಆಗ ಐದು ವರ್ಷ. ಅಪ್ಪ ಗುಡ್ಡದಿಂದ ಬರುವ ಹೊತ್ತಿಗೆ ಓಣಿಯ ತುದಿಗೆ ಹೋಗಿ ಕಾದಿರುತ್ತಿದ್ದಳು. ಅವನು ಎತ್ತಿಕೊಂಡ ಕೂಡಲೆ ಎರಡು ಕೆನ್ನೆ ಹಿಡಿದು ಹಿಂಡುತ್ತಿದ್ದಳು.

ಗುಡ್ಡ ಹತ್ತುವವರಿಗೆ ನಮ್ಮ ಕಡೆ ಒಂದು ಕಟ್ಟಳೆ ಇದೆ. ಅಲ್ಲಿ ಕರಡಿ ಎನ್ನಬಾರದು, ಕಂಬಳಿಯಪ್ಪ ಎನ್ನಬೇಕು. ಮುಂದೆ ಹೋಗುವವನು ಪ್ರತಿ ಬಂಡೆಯ ಮಗ್ಗುಲಲ್ಲೂ ನಿಂತು, "ಕಂಬಳಿಯಪ್ಪಾ, ನಾವು ಬಂದ್ವಿ, ದಾರಿ ಬಿಡು" ಎಂದು ಕೂಗಬೇಕು. ಕೂಗಿದ ಮೇಲೆ ಒಂದು ಗುಟುಕು ಉಸಿರು ತಡೆಯಬೇಕು. ಅಷ್ಟರಲ್ಲಿ ಅದು ಗೊಣಗಿಕೊಂಡು ಹೋಗಿರುತ್ತದೆ. ದೊಡ್ಡ ವಿದ್ಯೆಯೇನಲ್ಲ, ಮನೆಯೊಳಗೆ ಹೋಗುವ ಮುಂಚೆ ನಾವು ಕೆಮ್ಮುವುದಿಲ್ಲವೇ, ಹಾಗೆ. ಅವರ ಮನೆ ಅದು.

ಆಶ್ವಯುಜ ಮಾಸ, ಬೆಳಗಿನಿಂದ ಜಿನುಗು ಮಳೆ. ಇಬ್ಬರೂ ಕರಿ ಕಂಬಳಿಯ ಕೊಪ್ಪೆ ಹಾಕಿಕೊಂಡಿದ್ದೆವು. ತಲೆಯಿಂದ ಮೊಣಕಾಲಿನವರೆಗೆ ಕಂಬಳಿಯೇ. ಮುಖ ಕಾಣದು, ಬಗ್ಗಿದರಂತೂ ಕರಿ ಗುಡ್ಡೆ. ನಾನು ಮೇಲೆ ಬಂಡೆಯ ಹಿಂದೆ ಕಡಿಯುತ್ತಿದ್ದೆ, ಭಾವ ಕೆಳಗೆ ಹೊರೆ ಕಟ್ಟುತ್ತಿದ್ದ. ಸ್ವಲ್ಪ ಹೊತ್ತಿಗೆ ನನ್ನ ಕೊಡಲಿಯ ಸದ್ದು ನಿಂತಿತು. ಹಿಡಿ ಸಡಿಲವಾಗಿತ್ತು, ಬೆಣೆ ಬಡಿಯಲು ಕಲ್ಲು ಹುಡುಕುತ್ತಿದ್ದೆ. ಸದ್ದು ನಿಂತಿತಲ್ಲ, ಇವನೆಲ್ಲಿ ಹೋದ ಎಂದು ಭಾವ ನೋಡಲು ಬಂದ. ಸೀತಾಫಲದ ಗಿಡದ ಬುಡದಲ್ಲಿ ಕರಿ ಕಂಬಳಿಯೊಂದು ಬೆನ್ನು ತೋರಿಸಿಕೊಂಡು ಬಗ್ಗಿತ್ತು. ಹುತ್ತದೊಳಗೆ ಮೂತಿ ಇಟ್ಟು ಕಮ್ಮಾರನ ತಿದಿಯ ಹಾಗೆ ಗೆದ್ದಲು ಹೀರುತ್ತಿದ್ದ ಕರಡಿಗೆ ಅವನ ಹೆಜ್ಜೆ ಕೇಳಿಸಲಿಲ್ಲ. ಭಾವ ಕೂಗಲಿಲ್ಲ. ಏಕೆ ಕೂಗುತ್ತಾನೆ? ಸ್ವಂತ ಭಾವಮೈದುನನಿಗೆ ದಾರಿ ಬಿಡು ಎಂದು ಯಾರಾದರೂ ಕೂಗುತ್ತಾರೆಯೇ? ಹಗ್ಗದ ತುದಿಯಿಂದ ಬೆನ್ನ ಮೇಲೆ ಒಂದು ಬಿಟ್ಟ.

"ಏನ್ಲೇ ರುದ್ರ, ಸೌದೆ ಕಡಿಯಾಕೆ ಬಂದ್ಯೋ, ಸೀತಾಫಲ ತಿನ್ನಾಕೆ ಬಂದ್ಯೋ?"

ನಾನು ಬಂಡೆಯ ಮೇಲಿನಿಂದ, "ಭಾವ, ನಾನು ಇಲ್ಲಿದೀನಿ!" ಎಂದೆ.

ಆ ಎರಡು ಮಾತುಗಳ ನಡುವೆ ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಅವನು ತಲೆ ಎತ್ತಿ ನನ್ನ ಕಡೆ ನೋಡಿದ. ಆಮೇಲೆ ತಿರುಗಿ ಕೆಳಗಿದ್ದ ಆ ಇನ್ನೊಬ್ಬ ನನ್ನನ್ನು ನೋಡಿದ. ಪೂರ್ತಿ ಮುಖದಿಂದ ಅವನು ನೋಡಿದ್ದು ಅದೇ ಕಡೆಯ ಸಲ.

ನಾನು ಓಡಿ ಇಳಿದೆ. ಅದನ್ನು ಬರೆಯಲು ನನಗೆ ಸಂಕೋಚವಿಲ್ಲ, ಏಕೆಂದರೆ ನಿಜ. ಕರಡಿ ಅವನ ಮೇಲೆ ಕೂತಿತ್ತು. ಬೆಣೆ ಸಡಿಲವಾದ ಕೊಡಲಿಯನ್ನೇ ಬೀಸಿದೆ. ತಲೆಗೆಂದು ಬೀಸಿದ್ದು ಜಾರಿ ಎಡಗಿವಿಗೆ ಬಿತ್ತು. ಕಿವಿ ಅರ್ಧಕ್ಕೆ ಹಾರಿತು. ಕರಡಿ ಮಗುವಿನ ಹಾಗೆ ಕಿರುಚಿಕೊಂಡು ಓಡಿತು. ಭಾವನನ್ನು ಹೆಗಲ ಮೇಲೆ ಹಾಕಿಕೊಂಡು ಇಳಿದು, ಗಾಡಿಯಲ್ಲಿ ಮಲಗಿಸಿ, ಹೊಸದುರ್ಗದ ಡಾಕ್ಟರ ಹತ್ತಿರ ಒಯ್ದೆ. ದಾರಿಯುದ್ದಕ್ಕೂ ಮಳೆ. ಊರು ಮುಟ್ಟುವ ಹೊತ್ತಿಗೆ ಕೊಡಲಿ ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು.

ಡಾಕ್ಟರು ಪ್ರಾಣ ಉಳಿಸಿದರು. ಎಡಗಣ್ಣು, ಎಡಗೆನ್ನೆ, ಮೂಗಿನ ಅರ್ಧ ಉಳಿಯಲಿಲ್ಲ. ತುಟಿಯ ಒಂದು ಬದಿ ಮುಚ್ಚುತ್ತಿರಲಿಲ್ಲ. ಕುಡಿದ ಅಂಬಲಿ ಆ ಕಡೆಯಿಂದ ಇಳಿಯುತ್ತಿತ್ತು.

ಅವನು ಮನೆಗೆ ಬಂದ ದಿನ ನಾಗಿ ಓಣಿಯ ತುದಿಗೆ ಓಡಿದಳು. ಗಾಡಿಯಿಂದ ಇಳಿದವನನ್ನು ನೋಡಿದಳು. ಕಿರುಚಿಕೊಂಡು ತಿರುಗಿ ಓಡಿ, ಅಕ್ಕನ ಸೀರೆಯೊಳಗೆ ಸೇರಿದಳು. ಅವತ್ತಿನಿಂದ ಅವನ ಹೆಜ್ಜೆಯ ಸದ್ದು ಕೇಳಿದರೆ ಸಾಕು, ನಡುಗುತ್ತಿದ್ದಳು. ಭಾವ ಕೊಟ್ಟಿಗೆಯಲ್ಲಿ ಮಲಗತೊಡಗಿದ. ಮನೆಯೊಳಗೆ ಬಂದರೆ ಕೊಪ್ಪೆ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಉಣ್ಣುತ್ತಿದ್ದ. ಆಮೇಲೆ ಉಣ್ಣುವುದೂ ಕಡಿಮೆಯಾಯಿತು. ಒಂದು ದಿನ ಅಕ್ಕನಿಗೆ, "ನಾನು ಗುಡ್ಡಕ್ಕೆ ಹೋಗಿ ಇದ್ದುಬಿಡ್ತೀನಿ ಕಣೆ. ಅಲ್ಲಿ ನನ್ನ ನೋಡಿ ಅಳೋರು ಯಾರೂ ಇಲ್ಲ" ಎಂದ. ತಮಾಷೆಗೆ ಹೇಳುವ ದನಿಯಲ್ಲ.

ಈ ಹೊತ್ತಿನಲ್ಲಿ ಊರು ಸುಮ್ಮನಿತ್ತೇ? ಕರಡಿ ಒಮ್ಮೆ ಪರಚಿ ಬಿಟ್ಟಿತು. ಊರು ದಿನಾ ಪರಚಿತು. ತಿಪ್ಪಣ್ಣ ಹರಕೆ ತೀರಿಸಿರಲಿಲ್ಲವಂತೆ ಎಂದರು. ಕನ್ನಡಿ ನೋಡಿಕೊಳ್ಳುವವನಿಗೆ ಹಾಗೇ ಆಗಬೇಕು ಎಂದರು. ನನ್ನ ಪಾಲಿಗೆ ಬಂದ ಕಥೆ ಇನ್ನೊಂದು. ಗೌಡರ ಮನೆಯ ಚನ್ನಪ್ಪನಿಗೆ ದುಡಿಮೆ ಕಡಿಮೆ, ನಾಲಿಗೆ ಉದ್ದ. ಕರಡಿ ಬಂದಾಗ ರುದ್ರ ಬಂಡೆ ಬಿಟ್ಟು ಇಳಿಯಲೇ ಇಲ್ಲ, ಭಾವನ ಮುಖ ಹೋಗುವುದನ್ನು ಮೇಲಿನಿಂದ ನೋಡುತ್ತಾ ನಿಂತಿದ್ದ ಎಂದು ಅವನು ಹಬ್ಬಿಸಿದ. ನಾನು ಕಿವಿಯ ವಿಷಯ ಹೇಳಿದೆ. ಎಲ್ಲರಿಗೂ ಹೇಳಿದೆ, ಕಲ್ಲಿಗೂ ಕಂಬಕ್ಕೂ ಹೇಳಿದೆ. ನಾಗಿಯನ್ನು ಮಡಿಲಲ್ಲಿ ಕೂರಿಸಿಕೊಂಡು ಅವಳಿಗೂ ಹೇಳಿದೆ.

"ನಿನ್ನ ಕೊಡ್ಲಿ ಸೌದೆ ಬಿಟ್ಟು ಬೇರೆ ಏನನ್ನೂ ಕಡಿದಿಲ್ಲ ಬಿಡಲೇ" ಎಂದು ಚನ್ನಪ್ಪ ನಕ್ಕ. "ಕಿವಿ ಎಲ್ಲೈತೆ? ತೋರ್ಸು ನೋಡಾಣ. ಉಪ್ಪಿನಕಾಯಿ ಹಾಕಿದ್ಯಾ?"

ಭಾವನಿಗೆ ಆಗ ಎಚ್ಚರವಿರಲಿಲ್ಲ, ನನಗೆ ಸಾಕ್ಷಿಯಿಲ್ಲ. ಚನ್ನಪ್ಪನ ಮಾತನ್ನು ನುಂಗಿಕೊಂಡೇನು. ಒಂದು ದಿನ ಅಕ್ಕ ರಾಗಿ ಬೀಸುತ್ತಾ, ನನ್ನ ಕಡೆ ನೋಡದೆ ಕೇಳಿದಳು: "ನಿಜ ಹೇಳೋ ರುದ್ರ, ಅವತ್ತು ನೀನು ಎಲ್ಲಿದ್ದೆ?" ಅದು ಇವತ್ತಿಗೂ ಒಳಗೆ ಇಳಿದಿಲ್ಲ.

ಆ ದಿನಗಳಲ್ಲೇ ಕರಡಿ ಆಡಿಸುವವನೊಬ್ಬ ಊರಿಗೆ ಬಂದ. ಮಕ್ಕಳ ಹೆದರಿಕೆಗೆ ಕರಡಿ ಕೂದಲಿನ ತಾಯಿತ ಕಟ್ಟುವುದು ನಮ್ಮಲ್ಲಿ ವಾಡಿಕೆ. ಅಕ್ಕ ಒಂದು ಕಟ್ಟಿಸಿಕೊಂಡು ಬಂದು ನಾಗಿಯ ಕೊರಳಿಗೆ ಹಾಕುತ್ತಿದ್ದಳು. ಭಾವ ಕೊಟ್ಟಿಗೆಯ ಬಾಗಿಲಿನಿಂದ ನೋಡಿದ. ಮುಖ ಹೋದ ಮೇಲೆ ಮೊದಲ ಸಲ ನಕ್ಕ. ಅರ್ಧ ಬಾಯಿಯ ನಗು ನೋಡಲು ಅಳುವಿಗಿಂತ ಕಷ್ಟ.

"ಮುಖ ಕಿತ್ತೋನ ಕೂದ್ಲು ಕಟ್ಟಿ, ಮುಖ ಕಳಕಂಡೋನ ಹೆದ್ರಿಕೆ ಬಿಡಿಸ್ತೀಯಾ?" ಎಂದ.

ಆ ತಾಯಿತವೇ ಅವನಿಗೆ ದಾರಿ ತೋರಿಸಿತೋ ಏನೋ. ಮಾರನೆಯ ದಿನ ಮಧ್ಯಾಹ್ನ ನಾನು ಎತ್ತಿಗೆ ನೀರು ಕುಡಿಸಿ ಒಳಗೆ ಬಂದರೆ, ನಡುಮನೆಯಲ್ಲಿ ಭಾವನ ದನಿ. ರಾಗಿ ತುಂಬುವ ಆಳೆತ್ತರದ ಮಣ್ಣಿನ ವಾಡೆ ಇದೆಯಲ್ಲ, ಅದರ ಆ ಕಡೆ ಅವನು ಕೂತಿದ್ದ. ಈ ಕಡೆ ನಾಗಿ, ತಾಯಿತ ಚೀಪುತ್ತಾ. ಒಬ್ಬರಿಗೊಬ್ಬರು ಕಾಣರು.

"ಆ ಕರಡಿಗೆ ಒಂದು ಮರಿ ಇತ್ತು ಕಣವ್ವ. ಅದು ತನ್ನವ್ವನ ಮುಖ ನೋಡಿದ್ರೆ ಸಾಕು, ಹೆದ್ರಿ ಅಳಾದು. ಅಷ್ಟು ವಿಕಾರ ಮುಖ. ಪಾಪ, ಕರಡಿ ಏನು ಮಾಡ್ಬೇಕು? ನನ್ನ ಹತ್ರ ಬಂತು. ಯಜಮಾನಾ, ನಿನ್ನ ನೋಡಿದ್ರೆ ನಿನ್ನ ಮಗ್ಳು ನಗ್ತಾಳಂತೆ, ಆ ಮುಖನ ನಂಗೆ ಕಡ ಕೊಡು ಅಂತು."

ವಾಡೆಯ ಈ ಕಡೆ ಚೀಪುವುದು ನಿಂತಿತು.

"ಪೂರ್ತಿ ಕೊಟ್ರೆ ನಮ್ಮ ನಾಗಿಗೆ ಗುರ್ತು ಸಿಗಲ್ಲ, ಅರ್ಧ ತಗಾ ಅಂದೆ. ತಗಂಡು ಹೋತು."

ನಾನು ಬಾಗಿಲಲ್ಲಿ ನಿಂತೇ ಇದ್ದೆ.

"ಮರಿ ಈಗ ಅಳಲ್ವಾ?" ಎಂದಳು ನಾಗಿ.

"ಇಲ್ಲಂತೆ. ನಗ್ತೈತಂತೆ."

"ವಾಪಸ್ ಯಾವಾಗ ಕೊಡ್ತೈತೆ?"

"ಮರಿ ದೊಡ್ದಾಗ್ಲಿ. ಅವಸರ ಏನೈತೆ ನಮಗೆ?"

ನಾಗಿ ಗೋಡೆ ಹಿಡಿದುಕೊಂಡು ಎದ್ದಳು. "ಯಾವ ಕಡೇದು ಕೊಟ್ಟೆ?" ಎನ್ನುತ್ತಾ ವಾಡೆಯನ್ನು ಸುತ್ತಿ ಆ ಕಡೆ ಹೋದಳು. ನಾನು ಒಳಗೆ ಹೋಗಲಿಲ್ಲ. ಎತ್ತುಗಳಿಗೆ ಮತ್ತೊಮ್ಮೆ ನೀರು ಕುಡಿಸಲು ಹೋದೆ. ಅವು ಕುಡಿಯಲಿಲ್ಲ. ಕಣ್ಣಿಗೆ ಹೊಟ್ಟು ಬಿದ್ದಿತ್ತು ಎಂದು ಅಕ್ಕನಿಗೆ ಹೇಳಿದೆ.

ಆ ಕಥೆ ಮನೆಯನ್ನು ಎತ್ತಿ ನಿಲ್ಲಿಸಿತು. ಭಾವ ಉಣ್ಣತೊಡಗಿದ. ನಾಗಿ ಅವನ ತೊಡೆಯ ಮೇಲೆ ಕೂತು, "ಇದು ಕರಡೀದು, ಇದು ನಮ್ದು" ಎಂದು ಬೆರಳಿನಿಂದ ಪಾಲು ಮಾಡುತ್ತಿದ್ದಳು. ಅವನ ಬಾಯಿಂದ ಅಂಬಲಿ ಇಳಿದರೆ, "ಮರೀಗೆ ಕುಡಿಸ್ತಾವ್ನೆ" ಎನ್ನುತ್ತಿದ್ದಳು. ಅಕ್ಕ ಅದನ್ನು ಕೇಳಿ ಹಿತ್ತಲಿಗೆ ಹೋಗಿಬಿಡುತ್ತಿದ್ದಳು.

ಮರುವರ್ಷದ ಮಾತು. ದೊಡ್ಡ ಸಾಹೇಬರೊಬ್ಬರು ಶಿಕಾರಿಗೆ ಬಂದು ಗುಡ್ಡದ ಬುಡದಲ್ಲಿ ಡೇರೆ ಹಾಕಿದರು. ಒಂದು ಬೆಳಿಗ್ಗೆ ಕರಡಿ ಹೊಡೆದರು. ಹೆಣ ಸಾಗಿಸಲು ನನ್ನ ಗಾಡಿಯನ್ನೇ ಹಿಡಿದರು. ನಾಲ್ಕಾರು ಜನ ಸೇರಿ ಎತ್ತಿ ಹಾಕುವಾಗ ತಲೆ ಈ ಕಡೆ ಹೊರಳಿತು.

ಎಡಗಿವಿ ಅರ್ಧವೇ ಇತ್ತು. ಅಂಚು ಒಣಗಿ, ಗಂಟುಗಟ್ಟಿ, ಹಳೆಯ ಗಾಯ.

ನಿಮ್ಮ ಮುಂದೆ ಮುಚ್ಚಿಡುವುದೇನು? ನನ್ನ ಜನ್ಮದಲ್ಲಿ ಅಷ್ಟು ಸಂತೋಷ ನನಗೆ ಆಗಿಲ್ಲ, ಮದುವೆಯ ದಿನವೂ ಆಗಲಿಲ್ಲ. ಹೆಣವನ್ನು ಎಡಗಿವಿ ಮೇಲೆ ಬರುವ ಹಾಗೆ ತಿರುಗಿಸಿ ಮಲಗಿಸಿದೆ. ದಾರಿಯುದ್ದಕ್ಕೂ ಎತ್ತುಗಳಿಗೆ ಭಾಷಣ ಒಪ್ಪಿಸಿದೆ. ಚನ್ನಪ್ಪನಿಗೆ ಏನು ಹೇಳಬೇಕು, ಅಕ್ಕನಿಗೆ ಹೇಗೆ ಏನೂ ಹೇಳದೆ ಸುಮ್ಮನೆ ಕಿವಿ ತೋರಿಸಬೇಕು, ಎಲ್ಲ ಲೆಕ್ಕ ಹಾಕಿದೆ. ಊರ ಮುಂದಿನ ಹುಣಸೆ ಮರದ ಕೆಳಗೆ ಗಾಡಿ ನಿಲ್ಲಿಸಿ, "ಬರ್ರಿ, ಎಲ್ಲ ಬರ್ರಿ, ನೋಡ್ರಿ" ಎಂದು ಕೂಗಿದೆ.

ಊರು ಬಂತು. ಚನ್ನಪ್ಪನೂ ಬಂದ, ಆದರೆ ದೂರದಲ್ಲೇ ನಿಂತ. ಭಾವ ಕೊಪ್ಪೆ ಎಳೆದುಕೊಂಡು ಬಂದ. ಅವನ ಹಿಂದೆ ಅಕ್ಕ. ಸಾಹೇಬರು ಕುದುರೆಯ ಮೇಲೆ ಬಂದು, ಜವಾನನಿಗೆ ಏನೋ ಹೇಳಿದರು. ಆ ಮನುಷ್ಯನ ಮುಖ ಕಿತ್ತ ಕರಡಿ ಇದೇ ಆದರೆ ಅವರ ಗುಂಡಿಗೆ ಒಂದು ಹೆಸರು ಬಂದಂತೆ. ನಾನು ಬಾಯಿ ತೆರೆಯುವುದರೊಳಗೆ ಜನರ ಕಾಲುಗಳ ನಡುವಿನಿಂದ ನಾಗಿ ನುಸುಳಿ ಬಂದಳು. ಗಾಡಿಯ ಹಲಗೆ ಅವಳ ಮೂಗಿನ ಮಟ್ಟಕ್ಕಿತ್ತು. ಎರಡು ಕೈಯಲ್ಲಿ ಹಲಗೆ ಹಿಡಿದು, ಕರಡಿಯ ಮುಖವನ್ನು ಚೆನ್ನಾಗಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಮಾವ, ಅಪ್ಪನ ಮುಖ ಎಲ್ಲೈತೆ?"

ನಾನು ಭಾವನನ್ನು ನೋಡಿದೆ. ಕೊಪ್ಪೆಯೊಳಗಿಂದ ಅವನ ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಗುಡ್ಡಕ್ಕೆ ಹೋಗುತ್ತೇನೆ ಎಂದ ದಿನ ಆ ಕಣ್ಣು ಹೀಗೇ ಇತ್ತು.

"ಏ ಗಾಡಿಯವನೇ, ಸಾಹೇಬ್ರು ಕೇಳ್ತಾ ಅವ್ರೆ" ಎಂದ ಜವಾನ. "ಅವನ ಮುಖ ಕಿತ್ತಿದ್ದು ಇದೇನೋ?"

ನನ್ನ ಕೈ ತಾನೇ ಹೋಗಿ ಕರಡಿಯ ತಲೆಯ ಮೇಲೆ ಕೂತಿತು. ಅಂಗೈ ಕೆಳಗೆ ಆ ಅರ್ಧ ಕಿವಿ ತಣ್ಣಗಿತ್ತು.

"ಇದಲ್ಲ ಬುದ್ಧೀ. ಇದು ಬೇರೆ" ಎಂದೆ.

"ಮತ್ತೆ ನಿನ್ನ ಕೊಡ್ಲಿ ಬಿದ್ದ ಕಿವಿ?" ಚನ್ನಪ್ಪ ದೂರದಿಂದಲೇ ಕೂಗಿದ.

"ಕಿವಿ ಎರಡೂ ನೆಟ್ಟಗೆ ಅವೆ. ಬೇಕಾದ್ರೆ ಬಂದು ಮುಟ್ಟಿ ನೋಡು."

ಸತ್ತ ಕರಡಿಯ ಹತ್ತಿರ ಬರುವಷ್ಟು ಗಂಡಸುತನ ಅವನಲ್ಲಿ ಇಲ್ಲವೆಂದು ನನಗೆ ಗೊತ್ತಿತ್ತು. ಜನ ನಕ್ಕರು. ಸಾಹೇಬರು ಸಪ್ಪಗೆ ಮುಖ ತಿರುಗಿಸಿದರು. ಭಾವ ಮಗಳನ್ನು ಎತ್ತಿಕೊಂಡು, "ಅದು ಇನ್ನೂ ಗುಡ್ಡದಾಗೆ ಐತೆ ಕಣವ್ವ, ಮರಿ ನೋಡ್ಕಂತಾ" ಎಂದು ಮನೆಯ ಕಡೆ ನಡೆದ. ನಾನು ಕೈ ತೆಗೆಯದೆ, ಇನ್ನೊಂದು ಕೈಯಲ್ಲಿ ಎತ್ತು ಹೊಡೆದೆ. ಊರಾಚೆ ಹೋದ ಮೇಲೆ ಕಂಬಳಿ ತೆಗೆದು ಅದರ ತಲೆಗೆ ಹೊದಿಸಿದೆ. ಮೊಲೆಯಲ್ಲಿ ಹಾಲಿತ್ತು, ಹಲಗೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಅದಕ್ಕೆ ನಿಜವಾಗಿಯೂ ಒಂದು ಮರಿ ಇತ್ತು.

ಅವತ್ತಿನಿಂದ ನಮ್ಮೂರಿನಲ್ಲಿ ನನ್ನ ಕಿವಿಯ ಕಥೆ ಸುಳ್ಳೆಂದು ಇತ್ಯರ್ಥವಾಯಿತು. ಯಾರಾದರೂ ಬಣ್ಣ ಕಟ್ಟಿ ಮಾತಾಡಿದರೆ, "ರುದ್ರಣ್ಣನ ಕರಡಿ ಕಿವಿ ಬಿಡು" ಎನ್ನುತ್ತಾರೆ. ದುಡಿದು ಹಂಚಿನ ಮನೆ ಕಟ್ಟಿದೆ. ಅದರ ಮುಂದೆ ಹೋಗುವಾಗಲೂ ಹೇಳುತ್ತಾರೆ. ಅಕ್ಕ ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ. ಕೇಳಬಾರದೆಂದು ಬಿಟ್ಟಳೋ, ಉತ್ತರ ಗೊತ್ತೆಂದು ಬಿಟ್ಟಳೋ, ನಾನೂ ಕೇಳಲಿಲ್ಲ. ಸೌದೆಯವರು ಮಾತ್ರ ಕೊಪ್ಪೆಯ ನೆತ್ತಿಗೆ ಒಂದು ಬಿಳಿ ಬಟ್ಟೆಯ ಚೂರು ಕಟ್ಟಿಕೊಂಡು ಗುಡ್ಡ ಹತ್ತುತ್ತಾರೆ. ಅದು ಏಕೆ ಎಂದು ಈಗಿನವರಿಗೆ ತಿಳಿಯದು.

ಊರೂರಲ್ಲಿ ಜ್ವರ ಬಂದು ಜನ ಸತ್ತರಲ್ಲ, ಆ ವರ್ಷ ಭಾವನೂ ಹೋದ. ಹೊಳಲ್ಕೆರೆಗೆ ಕೊಟ್ಟಿದ್ದ ನಾಗಿ ಮಗುವನ್ನು ಎತ್ತಿಕೊಂಡು ಬಂದಳು. ಹೊಲದಲ್ಲಿ ಮಣ್ಣು ಕೊಟ್ಟು ಹಿಂತಿರುಗುವಾಗ ನನ್ನ ಪಕ್ಕ ನಡೆಯುತ್ತಿದ್ದಳು.

"ಮಾವ, ಆ ಕಿವಿ ನಾನು ನೋಡಿದ್ದೆ" ಎಂದಳು.

ನಾನು ನಿಂತೆ.

"ನೀನು ಕೈ ಇಡೋಕೆ ಮುಂಚೇನೇ ನೋಡಿದ್ದೆ. ನೀನು ಹೇಳಿದಂಗೇ ಇತ್ತು, ಎಡಗಿವಿ. ಅಪ್ಪ ನೋಡ್ತಾ ನಿಂತಿದ್ದ, ಅದಕ್ಕೆ ಸುಮ್ಕಿದ್ದೆ. ಕಥೆ ಸುಳ್ಳು ಅಂತ ನಂಗೆ ಗೊತ್ತಾತು ಅಂದ್ರೆ, ಅವ್ನು ಮತ್ತೆ ಕೊಟ್ಟಿಗೇಲಿ ಮಲಗ್ತಾನೆ ಅಂತ."

ಆರು ವರ್ಷದ ಹುಡುಗಿ! ಅವಳಿಗಾಗಿ ನಾವಿಬ್ಬರು ಗಂಡಸರು ಕಥೆಯ ಕಂಬ ಹಿಡಿದು ನಿಂತಿದ್ದೇವೆ ಎಂದುಕೊಂಡಿದ್ದೆ. ಮೂರನೆಯ ಕಂಬ ಅವಳೇ ಹಿಡಿದಿದ್ದಳು. ಮೇಷ್ಟರು ಸಾಲದು ಎಂದದ್ದು ಇದನ್ನೇ ಇರಬೇಕು.

ಇವತ್ತಿಗೆ ನನ್ನ ಹತ್ತಿರ ಇರುವುದು ಇಷ್ಟು: ಗಾಡಿ ಎರಡು, ಎತ್ತು ನಾಲ್ಕು, ಹಂಚಿನ ಮನೆ ಒಂದು, ಹಿಡಿ ಬದಲಾಯಿಸಿದ ಕೊಡಲಿ ಒಂದು, ನನ್ನ ಮಾತು ನಂಬುವವಳು ಒಬ್ಬಳು.